ಹರಡುವಿಕೆಯ ಗಣಿತ: ವೇಗ ನಿರ್ಧಾರವಾಗುವುದು ಅಂಚಿನಲ್ಲಿ

ಹೊಸ ಸರಕೊಂದು ಒಂದು ಊರಿನಲ್ಲಿ ನೆಲೆಯೂರಿದ ಮೇಲೆ ಪಕ್ಕದ ಜಿಲ್ಲೆಯನ್ನು ಎಂದು ತಲುಪೀತು? ಬೆಳೆಗೆ ಬಿದ್ದ ಕೀಟವು ನಾವು ಕಚ್ಚಾವಸ್ತು ಖರೀದಿಸುವ ಸೀಮೆಗೆ ಎಂದು ಬಂದೀತು? ಮೇಲ್ನೋಟಕ್ಕೆ ಸಂಬಂಧವಿಲ್ಲದ ಈ ಎರಡು ಪ್ರಶ್ನೆಗಳ ಹಿಂದೆ ಒಂದೇ ಬಗೆಯ ಗಣಿತವಿದೆ. ವ್ಯಾಪಾರೋದ್ಯಮಿಗಳು ಇದನ್ನು ಸ್ಥೂಲವಾಗಿಯಾದರೂ ಅರಿತಿರುವುದು ಉಪಯುಕ್ತ.

1905ರಲ್ಲಿ ಪ್ರಾಗ್ ನಗರದ ಸಮೀಪ ಉತ್ತರ ಅಮೆರಿಕಾ ಮೂಲದ ಬೆರಳೆಣಿಕೆಯಷ್ಟು ಮಸ್ಕ್‌ರ್ಯಾಟ್‌ಗಳನ್ನು ಬಿಡಲಾಯಿತು. ನೀರಿನ ದಡದಲ್ಲಿ ಬಿಲ ತೋಡಿ ಬದುಕುವ, ಹೆಗ್ಗಣವನ್ನು ಹೋಲುವ ಈ ಪ್ರಾಣಿಯ ತುಪ್ಪಳಕ್ಕೆ ಒಳ್ಳೆಯ ಬೇಡಿಕೆಯಿತ್ತು. ಆದರೆ ಕೆಲವೇ ದಶಕಗಳಲ್ಲಿ ಅದರ ಸಂತತಿ ಮಧ್ಯ ಯುರೋಪನ್ನು ವ್ಯಾಪಿಸಿ, ಕಾಲುವೆಗಳ ಏರಿಗಳನ್ನು ಕೊರೆಯುವ ಪಿಡುಗಾಯಿತು. 1951ರಲ್ಲಿ ಬ್ರಿಟನ್ನಿನ ಜೆ.ಜಿ. ಸ್ಕೆಲ್ಲಮ್ ಅವರು ಪ್ರಾಣಿ ವ್ಯಾಪಿಸಿದ್ದ ಪ್ರದೇಶದ ವಿಸ್ತೀರ್ಣದ ವರ್ಗಮೂಲವನ್ನು ವರ್ಷಗಳ ಎದುರು ಗುರುತಿಸಿದಾಗ ಬಿಂದುಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಬಂದವು. ಅಂದರೆ, ಸಂಖ್ಯೆಯು ಚಕ್ರಬಡ್ಡಿಯಂತೆ ಬೆಳೆದರೂ ಅದರ ಮುಂಚೂಣಿಯು ಪ್ರತಿವರ್ಷ ಸರಿಸುಮಾರು ಸಮಾನ ದೂರವನ್ನೇ ಕ್ರಮಿಸಿತ್ತು.

ಎರಡು ಅಂಕಿಗಳ ಸೂತ್ರ

ಇದಕ್ಕೆ ಆಧಾರವಾದ ಸಮೀಕರಣವನ್ನು 1937ರಲ್ಲಿಯೇ ಇಂಗ್ಲೆಂಡಿನ ಆರ್.ಎ. ಫಿಶರ್ ಅವರೂ, ರಷ್ಯಾದ ಕೊಲ್ಮೊಗೊರೊವ್, ಪೆಟ್ರೋವ್‌ಸ್ಕಿ ಮತ್ತು ಪಿಸ್ಕುನೊವ್ ಅವರೂ ಪ್ರತ್ಯೇಕವಾಗಿ ಮಂಡಿಸಿದ್ದರು. ಅದರಲ್ಲಿ ಬೇಕಾಗುವುದು ಎರಡೇ ಅಂಕಿಗಳು. ಮೊದಲನೆಯದು ವೃದ್ಧಿದರ, ಎರಡನೆಯದು ಅಲೆದಾಟದ ಪ್ರಮಾಣವನ್ನು ಸೂಚಿಸುವ ಪ್ರಸರಣಾಂಕ. ಇವೆರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಇಮ್ಮಡಿಸಿದರೆ ಮುಂಚೂಣಿಯ ವೇಗ ದೊರೆಯುತ್ತದೆ.

ಉದಾಹರಣೆಗೆ, ವರ್ಷಕ್ಕೆ ವೃದ್ಧಿದರ 1, ಪ್ರಸರಣಾಂಕ 25 ಚದರ ಕಿ.ಮೀ. ಎಂದು ಭಾವಿಸೋಣ. ಆಗ ವೇಗ ವರ್ಷಕ್ಕೆ 10 ಕಿ.ಮೀ.; 150 ಕಿ.ಮೀ. ದೂರದ ಊರಿಗೆ 15 ವರ್ಷ. ವೃದ್ಧಿದರವನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ವೇಗವು ಕೇವಲ ಎರಡು ಪಟ್ಟಾಗುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಬೇಕಾದರೆ ವೃದ್ಧಿದರವನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸಬೇಕು.

ಇಲ್ಲಿ ಗಮನಾರ್ಹವಾದ ಅಂಶವೆಂದರೆ, ಈ ವೃದ್ಧಿದರವು ಸಂಖ್ಯೆ ವಿರಳವಾಗಿರುವ ಅಂಚಿನದು. ಕಿಕ್ಕಿರಿದ ಒಳನಾಡಿನಲ್ಲಿ ಬೆಳವಣಿಗೆ ನಿಂತಿರುತ್ತದೆ. ಅಲ್ಲಿ ಏನೇ ನಡೆದರೂ ಮುಂಚೂಣಿಯ ವೇಗ ಬದಲಾಗದು.

ಮಾರುಕಟ್ಟೆಯ ಅಂಚು

ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್ಸ್ಟನ್ ಹೇಗರ್‌ಸ್ಟ್ರಾಂಡ್ ಅವರು 1953ರಲ್ಲಿ, ಹೊಸ ಕೃಷಿ ಪದ್ಧತಿಗಳು ರೈತರಲ್ಲಿ ನೆರೆಯವರಿಂದ ನೆರೆಯವರಿಗೆ ಹೇಗೆ ಹಬ್ಬುತ್ತವೆ ಎಂಬುದನ್ನು ಇಂತಹುದೇ ವಿಧಾನದಿಂದ ತೋರಿಸಿದರು. ಗ್ರಾಹಕರು ಮಸ್ಕ್‌ರ್ಯಾಟ್‌ಗಳಲ್ಲವಾದ ಕಾರಣ ಸೂತ್ರವನ್ನು ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಬಾಯಿಮಾತಿನಿಂದ ಹಬ್ಬುವ ಸರಕಿನ ವಿಷಯದಲ್ಲಿ ಅದರ ತಿರುಳು ಉಪಯುಕ್ತ. ಈಗಾಗಲೇ ಎಲ್ಲರೂ ಕೊಳ್ಳುತ್ತಿರುವ ಪಟ್ಟಣದಲ್ಲಿ ಮಾಡುವ ಹೆಚ್ಚುವರಿ ಪ್ರಚಾರವು ಇದ್ದ ಗಿರಾಕಿಯನ್ನು ಉಳಿಸಬಹುದು. ಎಲ್ಲೆಯನ್ನು ವಿಸ್ತರಿಸುವುದು ಮಾತ್ರ ಅಂಚಿನ ಊರಿನ ಹೊಸ ಅಂಗಡಿಯೇ.

ಜಿಗಿತದ ಅಪಾಯ

ಮೇಲಿನ ಲೆಕ್ಕವೆಲ್ಲ ಚಲನೆಯು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸಾಗುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಅಪರೂಪಕ್ಕಾದರೂ ಬಹುದೂರದ ಜಿಗಿತಗಳು ಸಂಭವಿಸುವಂತಿದ್ದರೆ ಮುಂಚೂಣಿಯ ವೇಗ ಸ್ಥಿರವಾಗಿರದೆ ಏರುತ್ತಾ ಹೋಗಬಹುದೆಂದು 1996ರಲ್ಲಿ ಮಾರ್ಕ್ ಕಾಟ್ ಮತ್ತು ಸಂಗಡಿಗರು ತೋರಿಸಿದರು.

ಇದರ ಪೆಟ್ಟನ್ನು ನಮ್ಮ ರಾಜ್ಯದ ಮೆಕ್ಕೆಜೋಳ ವಹಿವಾಟು ಕಂಡಿದೆ. ಅಮೆರಿಕಾ ಖಂಡಗಳ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಕರ್ನಾಟಕದ ಹೊಲಗಳಲ್ಲಿ ಪತ್ತೆಯಾಯಿತು. 2019ರ ಆರಂಭದ ವೇಳೆಗೆ ಚೀನಾವನ್ನೂ, 2020ರಲ್ಲಿ ಆಸ್ಟ್ರೇಲಿಯಾವನ್ನೂ ತಲುಪಿತ್ತು. ಇದರ ಪತಂಗವು ಒಂದೇ ರಾತ್ರಿಯಲ್ಲಿ ಸುಮಾರು 100 ಕಿ.ಮೀ. ಹಾರಬಲ್ಲದು. ಸರಕಿನೊಡನೆಯೂ ಹುಳು ಸಾಗಬಲ್ಲದು. ಕೋಳಿ ಆಹಾರ ಮತ್ತು ಪಿಷ್ಟ ತಯಾರಿಕೆಗೆ ಮೆಕ್ಕೆಜೋಳವೇ ಮುಖ್ಯ ಕಚ್ಚಾವಸ್ತುವಾದುದರಿಂದ, ಹೊಲದ ಪಿಡುಗು ಕಾರ್ಖಾನೆಯ ಲೆಕ್ಕಪುಸ್ತಕಕ್ಕೂ ಇಳಿಯುತ್ತದೆ.

ಆದುದರಿಂದ ಇಂತಹ ಪಿಡುಗಿನ ಸುದ್ದಿ ಬಂದಾಗ ಸದಸ್ಯ ಬಾಂಧವರು ಮೊದಲು ವಿಚಾರಿಸಬೇಕಾದುದು, ಅದು ಹೇಗೆ ಸಾಗುತ್ತದೆ ಎಂಬುದನ್ನು. ಹೆಜ್ಜೆಯಿಡುತ್ತಾ ಬರುವಂತಹುದಾದರೆ, ಯಾವ ಊರಿನಲ್ಲಿ ಎಂದು ಕಂಡಿತೆಂಬುದನ್ನು ನಕ್ಷೆಯ ಮೇಲೆ ಗುರುತಿಸಿ, ವೇಗ ಲೆಕ್ಕ ಹಾಕಿ, ದಾಸ್ತಾನಿನ ಮತ್ತು ಖರೀದಿ ಕರಾರಿನ ಏರ್ಪಾಡು ಮಾಡಿಕೊಳ್ಳಲು ಕಾಲಾವಕಾಶವಿದೆ. ಜಿಗಿಯುವಂತಹುದಾದರೆ ದೂರವನ್ನು ನಂಬಿ ಕೂರುವಂತಿಲ್ಲ. ಒಂದೇ ಸೀಮೆಯ ಖರೀದಿಯನ್ನು ನೆಚ್ಚಿಕೊಳ್ಳದೆ ಇರುವುದು ಮತ್ತು ಹೊರಗಿನಿಂದ ಬರುವ ಸರಕನ್ನು ಗೋದಾಮಿನ ಬಾಗಿಲಲ್ಲಿಯೇ ಪರೀಕ್ಷಿಸುವುದು ವಿವೇಕದ ಕ್ರಮವಾಗಿರುತ್ತದೆ.