ಯಂತ್ರದೊಡನೆ ಜುಗಲ್‌ಬಂದಿ

ಯಂತ್ರವು ಸಂಗೀತವನ್ನು ರಚಿಸಬಲ್ಲುದೇ ಎಂಬ ಪ್ರಶ್ನೆ ಇಂದು ಹಲವರ ಬಾಯಲ್ಲಿದೆ. ಯಂತ್ರದೊಡನೆ ಕೂಡಿ ನುಡಿಸುವ ಮನುಷ್ಯನಿಗೆ ಅಲ್ಲಿ ಯಾವ ಸ್ಥಾನ ಉಳಿಯುತ್ತದೆ ಎಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ತೋರುತ್ತದೆ.

ಈ ಕೂಟ ನಿನ್ನೆ ಮೊನ್ನೆಯದಲ್ಲ. 1957ರ ಸುಮಾರಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಎಂಬಿಬ್ಬರು 'ಇಲಿಯಾಕ್' ಎಂಬ ಗಣಕಯಂತ್ರದ ನೆರವಿನಿಂದ ನಾಲ್ಕು ತಂತಿವಾದ್ಯಗಳಿಗಾಗಿ ಒಂದು ಕೃತಿಯನ್ನು ಸಿದ್ಧಪಡಿಸಿದರು. ಯಂತ್ರವು ಗೊತ್ತುಗುರಿಯಿಲ್ಲದೆ ಸ್ವರಗಳನ್ನು ಹೆಕ್ಕುವುದು. ನಿಯಮಕ್ಕೆ ಒಗ್ಗದವನ್ನು ತಳ್ಳಿಹಾಕಿ, ಉಳಿದವನ್ನು ಪೋಣಿಸುವುದು. ನಿಯಮವನ್ನು ವಿಧಿಸಿದವರು ಮನುಷ್ಯರು. ಕೊನೆಗೆ ಕಮಾನು ಹಿಡಿದು ನುಡಿಸಿದವರೂ ಮನುಷ್ಯರೇ.

ಟ್ರಾಂಬೋನ್ ವಾದಕ ಜಾರ್ಜ್ ಲೂಯಿಸರು 1980ರ ದಶಕದಲ್ಲಿ ರೂಪಿಸಿದ 'ವಾಯೇಜರ್' ಇನ್ನೂ ಕುತೂಹಲಕರವಾದುದು. ಲೂಯಿಸರು ಷಿಕಾಗೋದ ಕಪ್ಪು ಸಂಗೀತಗಾರರ ಬಳಗದಿಂದ ಬಂದವರು; ನಮ್ಮಲ್ಲಿ ಮನೋಧರ್ಮವೆಂದು ಕರೆಯುವ ಆಶುಸೃಷ್ಟಿಯೇ ಅವರ ದಾರಿ. ವಾಯೇಜರ್ ವಾದಕನನ್ನು ಆಲಿಸುತ್ತದೆ. ಅವನ ಸ್ವರಗಳ ಏರಿಳಿತ, ವೇಗ, ಬಲಗಳನ್ನು ಅಳೆದು ಉತ್ತರ ಕೊಡುತ್ತದೆ. ಕೆಲವೊಮ್ಮೆ ಅವನನ್ನು ಲೆಕ್ಕಿಸದೆ ತನ್ನ ಪಾಡಿಗೆ ತಾನು ನುಡಿಸಿಕೊಂಡು ಹೋಗುವುದೂ ಉಂಟು. ಅದನ್ನು ಅಂಕೆಯಲ್ಲಿಡಲು ವಾದಕನ ಕೈಗೆ ಗುಂಡಿಯಿಲ್ಲ, ಕಾಲಡಿಗೆ ಪೆಡಲ್ ಇಲ್ಲ. ಅದರ ನಡೆಯನ್ನು ತಿರುಗಿಸಬೇಕಾದರೆ ತನ್ನ ವಾದ್ಯದಿಂದಲೇ ತಿರುಗಿಸಬೇಕು. ಇದು ಬೆನ್ನಿಗೆ ನಿಂತ ಪಕ್ಕವಾದ್ಯವಲ್ಲ, ಸರಿಸಮನಾಗಿ ಕುಳಿತ ಜೊತೆಗಾರ.

ಲೂಯಿಸರ ಯಂತ್ರಕ್ಕೆ ನಡೆಯನ್ನು ಅವರೇ ಬರೆದುಕೊಟ್ಟಿದ್ದರು. ಇಂದಿನ ಕೃತಕ ಬುದ್ಧಿಮತ್ತೆಯಾದರೋ ಸಾವಿರಾರು ಮಾದರಿಗಳಿಂದ ತಾನಾಗಿ ಕಲಿಯುತ್ತದೆ. ಆದುದರಿಂದ ಅದು ಯಾರ ಹಾಡಿನಿಂದ ಕಲಿಯಿತು, ಅವರನ್ನು ಕೇಳಿದ್ದುಂಟೇ ಎಂಬ ನ್ಯಾಯದ ಪ್ರಶ್ನೆ ಏಳುತ್ತದೆ. 2024ರ ಜೂನ್‌ನಲ್ಲಿ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳು ಸುನೋ, ಉಡಿಯೊ ಎಂಬ ಸಂಗೀತಯಂತ್ರಗಳ ಒಡೆಯರ ಮೇಲೆ ದಾವೆ ಹೂಡಿದ್ದು ಈ ಕಾರಣಕ್ಕೇ.

ಅಮೆರಿಕದ ಹಾಲಿ ಹರ್ನ್‌ಡನ್ ಬರ್ಲಿನ್ನಿನಲ್ಲಿದ್ದಾಗ ಬೇರೊಂದು ಹಾದಿ ಹಿಡಿದರು. 2019ರ 'ಪ್ರೋಟೋ' ಎಂಬ ಧ್ವನಿಮುದ್ರಿಕೆಗಾಗಿ 'ಸ್ಪಾನ್' ಎಂಬ ಯಂತ್ರಕ್ಕೆ ತಮ್ಮ ಕಂಠವನ್ನೂ ತಮ್ಮ ಗಾಯಕವೃಂದದ ಕಂಠಗಳನ್ನೂ ಕೇಳಿಸಿ ಕಲಿಸಿದರು. ಎಳೆಗೂಸಿಗೆ ಮಾತು ಕಲಿಸುವಂತೆ ಒಂದು ಬಳಗವೇ ಕುಳಿತು ಕಲಿಸಿದ ಪಾಠವದು. ಆ ಕೃತಿಯಲ್ಲಿ ಯಂತ್ರದ ತೊದಲೂ ಇದೆ, ಮನುಷ್ಯರ ತುಂಬುಗಂಠವೂ ಇದೆ. 2021ರಲ್ಲಿ ಅವರು ಪರರ ಸಂಗೀತವನ್ನು ತಮ್ಮ ದನಿಗೆ ಮಾರ್ಪಡಿಸುವ ಯಂತ್ರವೊಂದನ್ನೂ ಲೋಕದ ಮುಂದಿಟ್ಟರು. ಆದರೆ ಆ ದನಿಯನ್ನು ಕೊಟ್ಟವರು ಸ್ವತಃ ಅವರೇ.

ನಾನು ಯಂತ್ರದ್ವೇಷಿಯಲ್ಲ. ಪಿಟೀಲು ಸಹ ಒಂದು ಕಾಲದಲ್ಲಿ ನಮಗೆ ಹೊರಗಿನದಾಗಿತ್ತು. ಅದನ್ನು ನಮ್ಮ ಕಲಾವಿದರು ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತದ ಮನೆಯವನನ್ನಾಗಿಸಿದರು. ಈ ಹೊಸ ಅತಿಥಿಯನ್ನೂ ಹಾಗೆಯೇ ಬರಮಾಡಿಕೊಳ್ಳಬಹುದು. ಆದರೆ ಹಾಡುವವನ ಅನುಮತಿ ಪಡೆದು ಕಲಿತ ಯಂತ್ರ ಅದಾಗಿರಬೇಕು. ಅದರ ಮಾತನ್ನು ಒಪ್ಪಲೂ ತಳ್ಳಿಹಾಕಲೂ ವಾದಕನಿಗೆ ಅವಕಾಶವಿರಬೇಕು. ಅಷ್ಟು ಉಳಿದರೆ ಅದು ಜುಗಲ್‌ಬಂದಿ. ಉಳಿಯದಿದ್ದರೆ ವೇದಿಕೆಯ ಮೇಲಿರುವ ಮನುಷ್ಯ ಬರಿಯ ಕೇಳುಗನಾಗುತ್ತಾನೆ.