ಕೂಸಿನ ಮೈ ಮತ್ತು ಬಿಳಿಯ ಮುಲಾಮು

ಗದಗ ಜಿಲ್ಲೆಯ ಮುಶಿಗೇರಿಯಂತಹ ಊರುಗಳಲ್ಲಿ ಹಳೆಯ ಸೀರೆಯ ಮೆತ್ತನೆಯ ಅರಿವೆಯೇ ಕೂಸಿನ ಲಂಗೋಟಿಯಾಗಿತ್ತು. ಒದ್ದೆಯಾದೊಡನೆ ತಾಯಿಗೋ ಅಜ್ಜಿಗೋ ತಿಳಿಯುತ್ತಿತ್ತು. ಬಿಚ್ಚಿ, ಒಗೆದು, ಬಿಸಿಲಿಗೆ ಹರವುತ್ತಿದ್ದರು. ಈಗ ಗಜೇಂದ್ರಗಡದ ಸಂತೆಗೋ ರೋಣದ ಲಗ್ನಕ್ಕೋ ಹೊರಟ ತಾಯಿ ಕೂಸಿಗೆ ಡೈಪರ್ ತೊಡಿಸುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಗಿನಿಂದ ಒಣಗಿದಂತೆ ತೋರುವ ಅದನ್ನು ಸಂಜೆಯವರೆಗೂ ಬಿಚ್ಚದಿದ್ದರೆ ಒಳಗಿನ ಚರ್ಮ ಬೆಂದಂತೆ ಕೆಂಪೇರಿ, ಮುಟ್ಟಿದರೆ ಕೂಸು ಚೀರುತ್ತದೆ.

ಮೂತ್ರದಿಂದ ಹುಟ್ಟುವ ಅಮೋನಿಯವೇ ಚರ್ಮವನ್ನು ಸುಡುತ್ತದೆಂದು ವೈದ್ಯರು ಬಹುಕಾಲ ನಂಬಿದ್ದರು. ಸಂಗತಿ ಅಷ್ಟು ಸರಳವಲ್ಲ. ತೇವದಲ್ಲಿ ನೆನೆದ ಚರ್ಮ ಮೆದುವಾಗಿ, ತುಸು ಉಜ್ಜಿದರೂ ಸವೆಯುತ್ತದೆ. ಮಲದಲ್ಲಿನ ಸೂಕ್ಷ್ಮಜೀವಿಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಚರ್ಮದ ಸಹಜ ಆಮ್ಲಗುಣ ಕುಂದಿ ಕ್ಷಾರಗುಣ ಏರುತ್ತದೆ. ಆಗ ಮಲದಲ್ಲಿ ಉಳಿದ ಜೀರ್ಣರಸಗಳು ಚುರುಕಾಗುತ್ತವೆ. ಹೊಟ್ಟೆಯಲ್ಲಿ ಆಹಾರವನ್ನು ಅರಗಿಸಿದ ಆ ರಸಗಳೇ ಈಗ ಚರ್ಮವನ್ನು ಅರಗಿಸತೊಡಗುತ್ತವೆ! ಆದುದರಿಂದಲೇ ಭೇದಿಯಾದ ಕೂಸಿಗೆ ಈ ಬೇನೆ ಹೆಚ್ಚು, ಎದೆಹಾಲನ್ನಷ್ಟೇ ಕುಡಿಯುವ ಕೂಸಿಗೆ ಕಡಿಮೆ.

ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ದೊರೆಯುವ ಬಿಳಿಯ ಮುಲಾಮು ಇಲ್ಲಿ ಮಾಡುವುದು ಬೇಲಿಯ ಕೆಲಸ. ಅದು ತೇವಕ್ಕೂ ಚರ್ಮಕ್ಕೂ ನಡುವೆ ನಿಲ್ಲುತ್ತದೆ. ಅದರ ಮರೆಯಲ್ಲಿ ಚರ್ಮ ತಾನಾಗಿಯೇ ಮಾಯುತ್ತದೆ. ಅದರ ಮುಖ್ಯ ವಸ್ತುಗಳು ಸತುವಿನ ಬಿಳಿಪುಡಿಯಾದ ಜಿಂಕ್ ಆಕ್ಸೈಡ್ ಮತ್ತು ಪೆಟ್ರೋಲಿಯಂ ಜೆಲ್ಲಿ. ಎರಡನೆಯದರ ಕಥೆ ಸ್ವಾರಸ್ಯವಾದುದು. ಅಮೆರಿಕದ ಎಣ್ಣೆಬಾವಿಗಳ ಪಂಪಿನ ಸರಳುಗಳಿಗೆ ಮೆತ್ತಿಕೊಳ್ಳುತ್ತಿದ್ದ ಜಿಡ್ಡನ್ನು ಕೆಲಸಗಾರರು ಸುಟ್ಟಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದರು. ಇದನ್ನು ಕಂಡ ರಾಬರ್ಟ್ ಚೀಸ್‌ಬ್ರೋ ಅದನ್ನು ಶುದ್ಧಿಮಾಡಿ 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಿಂದ ಪೇಟೆಂಟ್ ಪಡೆದನು. ಬಿಳಿಯ ಮುಲಾಮು ಸಿಗದಲ್ಲಿ ಬರಿಯ ಈ ಜೆಲ್ಲಿಯೂ ನಡೆದೀತು.

ಮೊದಲು ಕೂಸಿನ ಮೈಯನ್ನು ತೊಳೆದು, ಒತ್ತಿ ಒರೆಸಿ, ತುಸು ಹೊತ್ತು ಗಾಳಿಗೆ ಬಿಡಬೇಕು. ಅನಂತರ ಗೋಡೆಗೆ ಗಿಲಾವು ಮಾಡಿದಂತೆ ದಪ್ಪನಾಗಿ ಮೆತ್ತಬೇಕು. ಪ್ರತಿಸಲವೂ ಅದನ್ನು ತಿಕ್ಕಿ ತೆಗೆಯುವುದು ಬೇಡ. ಹೊಲಸಾದ ಮೇಲ್ಪದರವನ್ನು ಒರೆಸಿ ಮತ್ತೆ ಹಚ್ಚಿದರಾಯಿತು. ಪೌಡರು ಮಾತ್ರ ಬೇಡವೇ ಬೇಡ. ಹಾರಿದ ಪುಡಿ ಕೂಸಿನ ಉಸಿರಿನೊಳಗೆ ಹೋಗುತ್ತದೆ.

ಎರಡು ಮೂರು ದಿನಗಳಲ್ಲಿ ಗುಣ ಕಾಣದೆ, ಕೆಂಪು ತೊಡೆಸಂದಿನ ಮಡಿಕೆಗಳೊಳಕ್ಕೂ ಹಬ್ಬಿ, ಸುತ್ತ ಸಣ್ಣ ಚುಕ್ಕೆಗಳೆದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಸೇರಿದೆಯೆಂದು ಶಂಕಿಸಬೇಕು. ಅದಕ್ಕೆ ಬೇಲಿಯೊಂದೇ ಸಾಲದು, ವೈದ್ಯರ ಔಷಧ ಬೇಕು. ಭಯವಿರುವುದು ಇಲ್ಲಿಯೇ. ಎಲ್ಲ ತುರಿಕೆಗೂ ಒಂದೇ ಎಂದು ಮಾರುವ ಮಿಶ್ರ ಮುಲಾಮುಗಳಲ್ಲಿ ಹಲವಕ್ಕೆ ತೀಕ್ಷ್ಣವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಬೇಗನೆ ಇಳಿಯುವುದರಿಂದ ತಾಯಿಗೆ ಅದು ಅಮೃತದಂತೆ ತೋರುತ್ತದೆ. ಆದರೆ ಡೈಪರಿನ ಬಿಗಿಯಲ್ಲಿ ಅದನ್ನು ಮೈ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಎಳೆಯ ಚರ್ಮ ತೆಳ್ಳಗಾಗುತ್ತದೆ. ಬಹುಕಾಲ ಹಚ್ಚಿದರೆ ದೇಹದ ಗ್ರಂಥಿಗಳ ಕೆಲಸವೂ ಕೆಟ್ಟೀತು. ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿತು. ಆದುದರಿಂದ ಕೊಳ್ಳುವಾಗ ಟ್ಯೂಬಿನ ಮೇಲಿನ ಹೆಸರುಗಳನ್ನು ಓದಿರಿ, ಇಲ್ಲವೇ ಓದಿಸಿ ಕೇಳಿರಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ. ಕೀವು, ನೀರುಗುಳ್ಳೆ ಅಥವಾ ಜ್ವರ ಕಂಡರೆ ಅಂದೇ ಕೂಸನ್ನು ವೈದ್ಯರಲ್ಲಿಗೆ ಒಯ್ಯಿರಿ.