ಮಾಲೇಕಲ್ಲಿನಿಂದ ಬೇಲೂರಿಗೆ: ಒಂದು ದಿನದ ಹೊಯ್ಸಳ ದರ್ಶನ

ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿ ಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿಳಿಯುವುದು ಲೇಸು. ಅರಸೀಕೆರೆ ಊರೊಳಗೆ 1220ರ ಶಿವಾಲಯವಿದೆ. ನಕ್ಷತ್ರಾಕಾರದ ಅದರ ಮುಖಮಂಟಪವನ್ನು ನೋಡದೆ ಮುಂದೆ ಹೋಗಬಾರದು.

ಅಲ್ಲಿಂದ ಮುಂದೆ ಹಳೇಬೀಡು. ಇದೇ ಹೊಯ್ಸಳರ ಅಂದಿನ ರಾಜಧಾನಿ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ದಾಳಿ ಕಂಡ ಈ ಊರಲ್ಲಿ ಅರಮನೆ ಉಳಿದಿಲ್ಲ, ಹೊಯ್ಸಳೇಶ್ವರ ಗುಡಿ ಉಳಿದಿದೆ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ನೆಲದಿಂದ ತೆಗೆದಾಗ ಮೆದುವಾಗಿರುವ ಬಳಪದ ಕಲ್ಲಿನಿಂದಲೇ ಒಡವೆಯ ಮಣಿಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಆವರಣದ ವಸ್ತುಸಂಗ್ರಹಾಲಯದಲ್ಲಿ ಬಿಡಿ ಶಿಲ್ಪಗಳಿವೆ.

ಹಳೇಬೀಡಿನಿಂದ 16 ಕಿ.ಮೀ. ದೂರದ ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದ್ದು. ಅಲ್ಲಿ ಕತ್ತೆತ್ತಿದರೆ ಕನ್ನಡಿ ಹಿಡಿದ ದರ್ಪಣಸುಂದರಿ ಕಾಣುತ್ತಾಳೆ. ಹಳೇಬೀಡು, ಬೇಲೂರಿನ ಈ ಎರಡೂ ಗುಡಿಗಳು 2023ರಲ್ಲಿ ಸೋಮನಾಥಪುರದ ಗುಡಿಯ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.